ಚಪ್ಪಾಳೆ ಬೇಡವಾಗಿದ್ದ ಲೆಕ್ಕ

ಮೀಟರ್ ರೂಮು ಗುಡಿಸುವಾಗ ಹಳೆಯ ಚಪ್ಪಲಿ ಡಬ್ಬವೊಂದು ಸಿಕ್ಕಿತು. ಒಳಗೆ ಕೆಂಪು, ಹಸಿರು, ಬಿಳಿ ರಟ್ಟಿನ ಚೀಟಿಗಳು. ಪ್ರತಿಯೊಂದರ ಮೂಲೆಯಲ್ಲಿ ಮಾಸ್ತರರ ಕೈಬರಹದ ಅಂಕಿ, ಆಟದ ಎಷ್ಟನೇ ಸುತ್ತು ಎಂದು. ನೋಡಿದ ಕೂಡಲೇ ಮೊದಲು ಬಂದದ್ದು ಸಿಟ್ಟು, ಅಳು ಆಮೇಲೆ…

ಮುಂಬಯಿಯ ಚೆಂಬೂರಿನ ನಮ್ಮ ಬಿಲ್ಡಿಂಗಿನ ಮೂರನೇ ಮಹಡಿಯಲ್ಲಿ ಧಾರವಾಡದ ಗಣಿತದ ಮಾಸ್ತರರಿದ್ದರು. ನಿವೃತ್ತಿಯ ಮೇಲೆ ಅವರಿಗೆ ಒಂದೇ ಧ್ಯಾನ. ಸಾಲಾಗಿ ಮನೆಗಳಿವೆ ಎನ್ನಿ. ಪ್ರತಿ ಮನೆಯೂ ಅಕ್ಕಪಕ್ಕದ ಬಣ್ಣ ನೋಡಿ, ನಿಯಮದಂತೆ ತನ್ನ ಬಣ್ಣ ಬದಲಿಸುತ್ತದೆ. ಗಂಟೆ ಹೊಡೆದಾಗ ಎಲ್ಲವೂ ಒಟ್ಟಿಗೆ ಬದಲಿಸಿದರೆ ಇಂಥ ಸಾಲು ಕಂಪ್ಯೂಟರ್ ಮಾಡುವ ಯಾವ ಲೆಕ್ಕವನ್ನಾದರೂ ಮಾಡಬಲ್ಲದಂತೆ. ಗಂಟೆಯೇ ಇಲ್ಲದೆ, ತಮಗೆ ತೋಚಿದಾಗ ಬದಲಿಸಿದರೆ? ಆಗಲೂ ಮಾಡಬಲ್ಲದು ಎನ್ನುವುದು ಅವರ ಹಟ. ಎರಡೇ ಷರತ್ತು: ಪಕ್ಕದವರು ಹಿಂದಿದ್ದರೆ ನೀವು ಮುಂದಿನ ಸುತ್ತಿಗೆ ಹೋಗಬಾರದು; ಹೋದ ಮೇಲೂ ಹಿಂದಿನ ಬಣ್ಣದ ಚೀಟಿ ಹಿಡಿದೇ ಇರಬೇಕು, ತಡವಾದವರು ಅದನ್ನು ನೋಡಬೇಕಲ್ಲ.

ಭಾನುವಾರ ಟೆರೇಸಿನಲ್ಲಿ ಹನ್ನೆರಡು ಕುರ್ಚಿ ಹಾಕಿ ಬಿಲ್ಡಿಂಗಿನವರು ನಾವೇ ಚೀಟಿ ಹಿಡಿದು ಆ ಮನೆಗಳಾಗುತ್ತಿದ್ದೆವು. ಬಣ್ಣಗಳಲ್ಲಿ ಬರೆದ ಹದಿಮೂರಕ್ಕೆ ಏಳು ಕೂಡಿಸಲು ಒಂದು ತಾಸು!

"ಮಾಸ್ತರ್, ನನ್ನ ಕುಕರ್!" ಎಂದು ಎದುರುಮನೆಯ ಹೆಂಗಸು, ನಾವೆಲ್ಲ 'ಬಾಯಿ' ಎಂದು ಕರೆಯುವವರು, ಏಳುತ್ತಿದ್ದರು.

"ಹೋಗಿ ಬರ್ರಿ, ಲೆಕ್ಕ ಎಲ್ಲಿ ಓಡಿ ಹೋಗ್ತೈತಿ?"

"ಫೋನಿನ್ಯಾಗ ಒಂದು ಸೆಕೆಂಡ್ ಸಾಕು, ಮಾಸ್ತರ್," ಎಂದು ನಾನು ಗೊಣಗುತ್ತಿದ್ದೆ.

"ಫೋನಿಗೆ ಕುಕರ್ ಕಾಯೂದಿರೂದಿಲ್ಲ, ತಂಗಿ."

ಅವರ ಹಳೆಯ ಶಿಷ್ಯರೊಬ್ಬರು, ಈಗ ಪ್ರೊಫೆಸರು, ನೋಡಲು ಬಂದರು. ಮೆಚ್ಚಿದರೆ ಕಾಲೇಜಿನಲ್ಲಿ ಎಲ್ಲರ ಮುಂದೆ ತೋರಿಸಬಹುದು. ಮಾಸ್ತರರು ಇಸ್ತ್ರಿ ಅಂಗಿ ತೊಟ್ಟಿದ್ದರು. ಅರ್ಧದಲ್ಲೇ ಬಾಯಿ ಕುಕರಿಗೆಂದು ಇಳಿದರು. ಪ್ರೊಫೆಸರು ವಾಚು ನೋಡಿದರು. ನನಗೆ ತಡೆಯಲಾಗಲಿಲ್ಲ. "ಚಲೋ ಚಲೋ, ಎಲ್ಲಾರೂ ಒಮ್ಮೆಗೇ!" ಎಂದು ಚಪ್ಪಾಳೆ ತಟ್ಟಿದೆ. ಮತ್ತೆ ತಟ್ಟಿದೆ. ಎಲ್ಲರೂ ಬದಲಿಸಿದರು, ಖಾಲಿ ಕುರ್ಚಿ ಮಾತ್ರ ಹಿಂದುಳಿಯಿತು. ಅದೇ ಹದಿಮೂರು, ಅದೇ ಏಳು; ಉತ್ತರ ಹದಿನೆಂಟು ಬಂತು.

"ಐಡಿಯಾ ಚೆನ್ನಾಗಿದೆ, ಸರ್," ಎಂದು ಪ್ರೊಫೆಸರು ಲೋಕಲ್ ಟ್ರೇನ್ ಹಿಡಿಯಲು ಹೊರಟರು.

ಮಾಸ್ತರರು ಬೈಯಲಿಲ್ಲ. "ನೀನೇ ಗಂಟಿ ಆದೆಲ್ಲ, ತಂಗಿ," ಎಂದರು. ಬೈದಿದ್ದರೆ ತಿರುಗಿ ಜಗಳವಾಡಬಹುದಿತ್ತು. ಮಳೆಗಾಲ ಮುಗಿದ ಮೇಲೆ ಮತ್ತೆ ಕರೆಯೋಣ ಎಂದಿದ್ದರು. ಮಳೆ ನಿಲ್ಲುವ ಮೊದಲೇ ಅವರು…

ಕಳೆದ ಭಾನುವಾರ ಅದೇ ಚೀಟಿ ಹಿಡಿದು ನಾವು ಮತ್ತೆ ಕೂತೆವು. ಬಾಯಿ ಎರಡು ಸಲ ಕೆಳಗಿಳಿದರು. ಹಲ್ಲು ಕಚ್ಚಿ ಕಾದೆ. ಇಪ್ಪತ್ತು ಬಂತು.

ಪ್ರೊಫೆಸರಿಗೆ ಫೋನ್ ಮಾಡಿದೆ. ಅವರಿಗೆ ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಓ, ಅದಾ? ವೆರಿ ನೈಸ್," ಎಂದರು.

ಈ ಮನುಷ್ಯನಿಗೆ ತಡವಾದೀತೆಂದು ನಾನು ಅಂದು ಮಾಸ್ತರರ ಲೆಕ್ಕಕ್ಕೆ ಕಾಯಲಿಲ್ಲ.