ಅಪ್ಪನ ಸಿಟ್ಟಿಗೆ ಹೆದರಿದ ಫೋರ್‌ಮನ್

ನಮ್ಮ ಫೋರ್‌ಮನ್ನರ ಕೈಗಳು ಅವರ ಮೈಗಿಂತ ಒಂದು ಅಳತೆ ದೊಡ್ಡವು. ಅಂಗೈ ಹಲಗೆಯಂತೆ ಅಗಲ, ಬೆರಳ ಗೆಣ್ಣುಗಳು ಗೋಲಿಯಂತೆ ಉಬ್ಬಿದವು. ಆ ಕೈಗಳನ್ನು ಅವರು ಯಾವಾಗಲೂ ಬೆನ್ನ ಹಿಂದೆ ಕಟ್ಟಿಕೊಂಡಿರುತ್ತಿದ್ದರು. ಕತಾರಿನ ಮೆಸಯೀದ್‌ನಲ್ಲಿದ್ದ ನಮ್ಮ ಪ್ಲಾಂಟಿಗೆ ಹೊಸದಾಗಿ ಸೇರಿದವರು ಅದನ್ನು ದೊಡ್ಡಸ್ತಿಕೆ ಎಂದುಕೊಳ್ಳುತ್ತಿದ್ದರು. ಮೊದಮೊದಲು ನಾನೂ ಹಾಗೆಯೇ ತಿಳಿದಿದ್ದೆ.

ಅವರು ಮಲ್ಪೆ ಕಡೆಯ ಕ್ರಿಶ್ಚಿಯನ್ನರು, ಮನೆಯಲ್ಲಿ ಕೊಂಕಣಿ. ನಾನು ಬಂಟ್ವಾಳದ ಬ್ಯಾರಿ. ನಮ್ಮಿಬ್ಬರ ನಡುವೆ ಕನ್ನಡ. ಐವತ್ತು ದಾಟಿದರೂ ಅವರು ಮದುವೆಯಾಗದೆ ಕಂಪನಿಯ ಕ್ವಾರ್ಟರ್ಸಿನಲ್ಲಿ ಒಬ್ಬರೇ ಇದ್ದರು. ಅವರು ಸಿಟ್ಟು ಮಾಡಿದ್ದನ್ನು ಕಂಡವರಿರಲಿಲ್ಲ. ಒಮ್ಮೆ ಮ್ಯಾನೇಜರ್ ಒಬ್ಬರು, ತಪ್ಪು ಇವರದಲ್ಲದಿದ್ದರೂ, ಎಲ್ಲರೆದುರು ಇವರ ಮೇಲೆ ಕೂಗಾಡಿದರು. ಫೋರ್‌ಮನ್ ಪೂರ್ತಿ ಕೇಳಿಸಿಕೊಂಡು, ಆ ಬಿಸಿಲಿನಲ್ಲಿ ದೂರದ ಬೇಲಿಯವರೆಗೆ ನಡೆದುಹೋಗಿ, ತಿರುಗಿ ಬಂದು, "ಯಲ್ಲಾ, ಬನ್ನಿ, ಕೆಲಸ ಶುರು ಮಾಡುವ" ಎಂದರು. ಹೆದರುಪುಕ್ಕಲ ಎಂದು ಕೆಲವರು ಹಿಂದಿನಿಂದ ನಕ್ಕರು. ಅದು ಅವರಿಗೂ ಗೊತ್ತಿತ್ತು.

ರಜೆಯ ದಿನ ಶುಕ್ರವಾರ, ಇಗರ್ಜಿಯಲ್ಲಿ ಪೂಜೆ ಮುಗಿಸಿ ಅವರು ಅಲ್ ಗರಾಫಾದ ನಮ್ಮ ಫ್ಲ್ಯಾಟಿಗೆ ಊಟಕ್ಕೆ ಬರುತ್ತಿದ್ದರು. ಕುಚ್ಚಲಕ್ಕಿ ಅನ್ನ, ಮೀನು ಸಾರು ಇದ್ದರೆ ಸಾಕು, ಬೇರೇನೂ ಕೇಳುತ್ತಿರಲಿಲ್ಲ. ನನ್ನ ಹೆಂಡತಿ ಇಲ್ಲಿನ ಶಾಲೆಯೊಂದರಲ್ಲಿ ದೊಡ್ಡ ತರಗತಿಗಳಿಗೆ ಬಯಾಲಜಿ ಕಲಿಸುತ್ತಾಳೆ. ಅವಳನ್ನು ಅವರು ಕರೆಯುತ್ತಿದ್ದುದು ಟೀಚರ್ ಎಂದೇ.

ಆಗ ನಮ್ಮ ಮಗಳಿಗೆ ಮೂರು ವರ್ಷ. ಸಿಟ್ಟು ಬಂದರೆ ಕೈಗೆ ಸಿಕ್ಕಿದ್ದನ್ನು ಎಸೆಯುವ ಹುಡುಗಿ. ಒಂದು ಶುಕ್ರವಾರ ಅವರು ತಮಾಷೆಗೆಂದು ಅವಳ ಗೊಂಬೆಯನ್ನು ಬಚ್ಚಿಟ್ಟರು. ಅವಳು ಸ್ಟೀಲಿನ ಲೋಟವನ್ನು ನೇರ ಅವರ ಮುಖಕ್ಕೆ ಬೀಸಿದಳು. ತುಟಿ ಒಡೆದು ರಕ್ತ ಬಂತು. ಅವರು ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ಬಾಗಿಲು ತೆಗೆದು ಹೊರಟೇಹೋದರು.

ನಾನು ಕೆಳಗಿಳಿದು ಹುಡುಕಿದೆ. ಪಾರ್ಕಿಂಗಿನಲ್ಲಿ ಕೈಗಳನ್ನು ಬೆನ್ನ ಹಿಂದೆ ಅದುಮಿಟ್ಟು ಗೋಡೆಗೆ ಒರಗಿ ನಿಂತಿದ್ದರು.

"ನನ್ನ ಕೈ ಎದ್ದದ್ದು ನೀನು ನೋಡಿದಿಯಾ?"

"ಇಲ್ಲ ಸರ್. ನೀವು ಎದ್ದು ಬಂದಿರಿ, ಅಷ್ಟೇ."

"ಒಳಗೆ ಎದ್ದಿತ್ತು ಮಾರಾಯ. ಅದು ನನ್ನ ಅಪ್ಪನದ್ದು."

ಅಲ್ಲೇ ನಿಂತು ಅವರು ಎಲ್ಲ ಹೇಳಿದರು. ಅವರ ಅಜ್ಜ ಜಗಳಗಂಟರು. ಅಪ್ಪ ದೋಣಿಯಿಂದ ಇಳಿದು ಮನೆಗೆ ಬಂದರೆ ಅಮ್ಮನಿಗೆ ಹೊಡೆತ ತಪ್ಪುತ್ತಿರಲಿಲ್ಲ. ಹುಡುಗನಾಗಿದ್ದ ಇವರ ಕೈ ನೋಡಿ ನೆರೆಕರೆಯವರು, ಇವನೂ ಅಪ್ಪನ ಹಾಗೆಯೇ, ರಕ್ತ ಎಲ್ಲಿ ಹೋಗುತ್ತದೆ ಎನ್ನುತ್ತಿದ್ದರಂತೆ. ಇವರು ಅದನ್ನು ನಂಬಿದರು. ಒಬ್ಬ ನರ್ಸ್ ಹುಡುಗಿಯ ಜೊತೆ ಮದುವೆಯ ಮಾತುಕತೆ ಮುಗಿದಿತ್ತು, ಅವಳನ್ನು ಕಂಡರೆ ಇಷ್ಟವೂ ಇತ್ತು. ಒಳ್ಳೆಯವಳು, ಅವಳಿಗೆ ಯಾಕೆ ನನ್ನ ಅಪ್ಪನ ಸಿಟ್ಟು ಎಂದು ಇವರೇ ಮದುವೆ ಬೇಡವೆಂದು ಕತಾರಿಗೆ ವಿಮಾನ ಹತ್ತಿದ್ದರು.

ಒತ್ತಾಯ ಮಾಡಿ ಮೇಲೆ ಕರೆತಂದೆ. ಹೆಂಡತಿ ತುಟಿಗೆ ಐಸ್ ಕೊಟ್ಟಳು. ಅವರು ಅದೇ ಮಾತನ್ನು ಅವಳಿಗೂ ಹೇಳಿ, ಇದು ವಂಶದಲ್ಲಿ ಬರುವುದು ನಿಜವೋ ಅಲ್ಲವೋ, ನಿಮಗೆ ಗೊತ್ತಿರುತ್ತದೆ, ಹೇಳಿ ಎಂದರು. ಸಮಾಧಾನಕ್ಕೆಂದು ಸುಳ್ಳು ಹೇಳುವ ಅಭ್ಯಾಸ ಅವಳಿಗಿಲ್ಲ. ಸ್ವಲ್ಪ ಮಟ್ಟಿಗೆ ನಿಜ ಎಂದಳು. ಆಹಾರವನ್ನೂ ಮರಿಗಳನ್ನೂ ಕಾಯಬೇಕಾಗಿದ್ದ ಪ್ರಾಣಿಗಳಿಂದ ನಮಗೆಲ್ಲ ಬಂದ ಹಳೆಯ ಗುಣ ಅದು, ಹುಟ್ಟಿನಿಂದಲೇ ಕೆಲವರಿಗೆ ಜಾಸ್ತಿ, ಕೆಲವರಿಗೆ ಕಡಿಮೆ. ಆದರೆ ಸಿಟ್ಟಿಗೆಂದೇ ಒಂದು ಜೀನ್ ಇಲ್ಲ. ಎಷ್ಟೋ ಜೀನ್‌ಗಳು ಒಂದಿಷ್ಟು ಅತ್ತ ತಳ್ಳುತ್ತವೆ, ಒಂದಿಷ್ಟು ಇತ್ತ. ಬೆಳೆದ ಮನೆ, ಕಂಡ ಭಯ ಎಲ್ಲವೂ ಅದರಲ್ಲಿ ಸೇರಿರುತ್ತದೆ.

"ಗುಂಪಿನಲ್ಲಿ ಬದುಕುವ ಪ್ರಾಣಿಗೆ ಸಿಟ್ಟು ಬೇಕಾದ ಹಾಗೆ ಅದನ್ನು ತಡೆಯುವ ಶಕ್ತಿಯೂ ಬೇಕು ಸರ್. ಅದೂ ವಂಶದಲ್ಲಿ ಬರ್ತದೆ. ನೀವು ಅಪ್ಪನ ಕಡೆಯದ್ದು ಮಾತ್ರ ಹೇಳಿದ್ರಿ. ಅಮ್ಮ ಹೇಗಿದ್ರು?"

ಅವರು ತುಟಿಯ ಮೇಲಿನ ಐಸ್ ತೆಗೆದು ಹೇಳತೊಡಗಿದರು. ಅಮ್ಮ ಮೀನು ಮಾರಿ ಮಕ್ಕಳನ್ನು ಸಾಕಿದವರು. ತಾನು ಪೆಟ್ಟು ತಿಂದ ದಿನವೂ ಮಕ್ಕಳ ಮೇಲೆ ಕೈ ಮಾಡಿದವರಲ್ಲ. ಸಿಟ್ಟು ತಡೆಯಲಾಗದಿದ್ದರೆ ಬಾವಿಕಟ್ಟೆಯವರೆಗೆ ಹೋಗಿ, ಸ್ವಲ್ಪ ನಿಂತು ಬರುತ್ತಿದ್ದರಂತೆ.

"ನಾನು ಅಮ್ಮನ ಮಗ ಕೂಡ ಅಂತ ನನಗೆ ಹೊಳೆಯಲೇ ಇಲ್ಲ ಟೀಚರ್."

ಆಮೇಲೆ ಕೇಳಿದರು, "ಹಾಗಾದ್ರೆ ನಾನು ಮದುವೆ ಆಗಬಹುದಿತ್ತಾ?"

ನನಗೆ ಅವರ ಮುಖ ನೋಡಲಾಗಲಿಲ್ಲ. ಹೆಂಡತಿ ನೋಡಿದಳು. "ಆಗಬಹುದಿತ್ತು ಸರ್" ಎಂದಳು.

ಅವರು ತಲೆಯಾಡಿಸಿದರು. ಬಿದ್ದಿದ್ದ ಕುರ್ಚಿಯನ್ನು ತಾವೇ ಎತ್ತಿ ನಿಲ್ಲಿಸಿ, ಒಡೆದ ತುಟಿ ಉರಿಯುತ್ತಿದ್ದರೂ ಮೀನು ಸಾರು ಹಾಕಿಸಿಕೊಂಡು ಉಂಡರು.

ಅದಾದ ಮೇಲೆ ಅವರು ತೀರ ಬದಲಾದರು ಎಂದರೆ ಸುಳ್ಳಾದೀತು. ಆದರೆ ಅದೇ ಮ್ಯಾನೇಜರ್ ಒಂದು ದಿನ ನೇಪಾಳದ ಟೆಕ್ನಿಷಿಯನ್ ಒಬ್ಬನ ಮೇಲೆ ಕೂಗಾಡುತ್ತಿದ್ದಾಗ ಇವರು ಬೇಲಿಯ ಕಡೆಗೆ ಹೋಗಲಿಲ್ಲ. ನಡುವೆ ಬಂದು ನಿಂತು, ಮೆಲ್ಲನೆಯ ದನಿಯಲ್ಲಿ "ಖಲಾಸ್ ಸರ್, ಸಾಕು" ಎಂದರು. ಮ್ಯಾನೇಜರ್ ಬಾಯಿ ಮುಚ್ಚಿದರು. ಅಂದು ಸಂಜೆ ಬಸ್ಸಿನಲ್ಲಿ ಅವರು ನಗುತ್ತಾ ಕೂತಿದ್ದರು, ಸಿಟ್ಟು ಬಂದಿತ್ತು ಮಾರಾಯ, ಬಂದು ಹೋಯಿತು ಎಂದರು.

ನಿವೃತ್ತಿಯಾಗಿ ಹೊರಡುವ ಮೊದಲು ಕೊನೆಯ ಊಟಕ್ಕೆ ಬಂದಾಗ ನಮ್ಮಿಬ್ಬರಲ್ಲಿ ಒಂದೇ ಬೇಡಿಕೆ ಇಟ್ಟರು. ಈ ಮಗು ಸಿಟ್ಟು ಮಾಡಿದರೆ, ನೀನು ಅವರ ಹಾಗೆ, ಇವರ ಹಾಗೆ ಎಂದು ಮಾತ್ರ ಅದಕ್ಕೆ ಹೇಳಬೇಡಿ ಎಂದರು. ಊರಿನಲ್ಲಿ ತಂಗಿಯ ಮನೆಯಲ್ಲಿದ್ದರು. ಕಳೆದ ವರ್ಷ ಹೃದಯಾಘಾತವಾಗಿ ತೀರಿಕೊಂಡರು. ತಂಗಿ ಫೋನ್ ಮಾಡಿದ ದಿನ ನಾನು ಶಿಫ್ಟಿನಲ್ಲಿದ್ದೆ, ಮಣ್ಣಿಗೆ ಹೋಗಲಾಗಲಿಲ್ಲ.

ಮೊನ್ನೆ ಮಗಳು ಶಾಲೆಯಲ್ಲಿ ಒಬ್ಬಳಿಗೆ ಹೊಡೆದಳೆಂದು ದೂರು ಬಂತು. ಊರಿನಿಂದ ಫೋನಿನಲ್ಲಿದ್ದ ನನ್ನ ಉಮ್ಮ, ಅವಳಿಗೆ ಅಜ್ಜನದ್ದೇ ಸಿಟ್ಟು ಎನ್ನಲು ಹೊರಟರು. ಆ ಮಾತು ಬೇಡ ಉಮ್ಮ, ಆಮೇಲೆ ಮಾಡುತ್ತೇನೆ ಎಂದು ಫೋನ್ ಇಟ್ಟೆ. ಹೆಂಡತಿ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಏನಾಯ್ತು ಹೇಳು ಎಂದಳು. ಮಗಳು ಇಂಗ್ಲಿಷಿನಲ್ಲಿ ಶುರು ಮಾಡಿ, ಅಳು ಬಂದ ಮೇಲೆ ಮನೆಮಾತಿಗೆ ಬಂದಳು. ಹೇಳಿ ಮುಗಿಯಲು ತುಂಬಾ ಹೊತ್ತು ಹಿಡಿಯಿತು. ನಾವು ಕೇಳುತ್ತಾ ಕೂತೆವು.