ದೊಡ್ಡಮ್ಮ ಹೇಳಿದ ಎರಡನೇ ಭಾಗ

ದಂಡಿನಶಿವರದ ನಮ್ಮ ದೊಡ್ಡಮ್ಮ ಸಿನಿಮಾ ನೋಡುತ್ತಿದ್ದುದು ತನ್ನೊಬ್ಬಳಿಗಾಗಿ ಅಲ್ಲ. ತಿಪಟೂರಿನ ಥಿಯೇಟರಿಗೆ ಹೋಗಿಬಂದ ಮಾರನೆಯ ದಿನ, ಅವಳ ಅಂಗಳದಲ್ಲಿ ಕೊಬ್ಬರಿಯ ಚಿಪ್ಪು ಬಿಡಿಸಲು ಕೂರುವ ಹೆಂಗಸರಿಗೆ ಪೂರ್ತಿ ಕತೆ ಹೇಳಲೇಬೇಕಿತ್ತು. ಹೊಡೆದಾಟ ಬಂದಾಗ ಕೈಯಲ್ಲಿದ್ದ ಮಚ್ಚನ್ನೇ ಬೀಸಿ ತೋರಿಸುತ್ತಿದ್ದಳು. ಎದುರಿಗಿದ್ದವರು ಸ್ವಲ್ಪ ಹಿಂದೆ ಸರಿದು ಕೇಳುತ್ತಿದ್ದರು.

ಕೆಲವು ವರ್ಷಗಳ ಹಿಂದೆ ಒಂದು ಸಿನಿಮಾ ಎಲ್ಲ ಕಡೆ ಭರ್ಜರಿಯಾಗಿ ಓಡಿತು. ಅದರ ಕತೆಯನ್ನು ಯಾರು ಕೇಳಿದರೂ ದೊಡ್ಡಮ್ಮ ಒಂದೇ ಉಸಿರಿಗೆ ಹೇಳುತ್ತಿದ್ದಳು: "ಒಂದೂರು. ಊರಿಗೊಂದು ಕೆರೆ. ಸಾವ್ಕಾರ ಕೆರೆಗೆ ಬೇಲಿ ಹಾಕ್ತಾನೆ. ಹೀರೋ ಕೀಳ್ತಾನೆ. ಸಾವ್ಕಾರ ಅದೇ ಕೆರೇಲಿ ಮುಳುಗಿ ಸಾಯ್ತಾನೆ. ಅಷ್ಟೇ ಕಣ್ರೇ."

ಹೋದ ವರ್ಷ ಅದರ ಎರಡನೇ ಭಾಗ ಬಂತು. ಮೊದಲ ದಿನವೇ ನಾನು ದೊಡ್ಡಮ್ಮನನ್ನು ಕರೆದುಕೊಂಡು ಹೋದೆ. ಹೀರೋ ಹೆಲಿಕಾಪ್ಟರಿನಿಂದ ಇಳಿದ.

"ಕೆರೆ ಎಲ್ಲೋ ಮಗ?"

"ಇದು ಬೇರೆ ದೇಶ ದೊಡ್ಡಮ್ಮ."

"ಅಲ್ಗ್ಯಾಕೆ ಹೋದ?"

ಅಷ್ಟರಲ್ಲಿ ಮುಳುಗಿ ಸತ್ತಿದ್ದ ಸಾಹುಕಾರ ಕೋಟು ಹಾಕಿಕೊಂಡು ನಡೆದುಬಂದ. "ಅಯ್ಯೋ, ಇವ್ನು ಸತ್ತೋಗಿದ್ನಲ್ಲೋ!" ಎಂದು ದೊಡ್ಡಮ್ಮ ಕೂಗಿದಳು. ಮುಂದಿನ ಸೀಟಿನವನು ತಿರುಗಿ ದುರುಗುಟ್ಟಿಕೊಂಡು ನೋಡಿದ. ಆಮೇಲೆ ಮೆಲ್ಲಗೆ ನನ್ನನ್ನೇ ಕೇಳಿದ, "ಹೌದು ಸಾರ್, ಸತ್ತಿದ್ನಲ್ವಾ?"

ಇಂಟರ್‌ವೆಲ್ ಆದಮೇಲೆ ಹೀರೋನ ತಾತನ ಕತೆ, ಆ ತಾತನ ತಾತನ ಕತೆ. ಎಲ್ಲರೂ ಅದೇ ಹೀರೋ, ಮೀಸೆ ಮಾತ್ರ ಬೇರೆ. ಕೊನೆಗೆ ಒಂದು ಬಾಗಿಲು ತೆರೆಯಿತು, ಯಾರದೋ ಕಾಲು ಕಾಣಿಸಿತು, ಮೂರನೇ ಭಾಗ ಬರುತ್ತದೆ ಎಂದು ಬರೆದು ದೀಪ ಹಾಕಿಬಿಟ್ಟರು.

ವಾಪಸು ಬರುವ ಬಸ್ಸಿನಲ್ಲಿ ದೊಡ್ಡಮ್ಮ ಟಿಕೆಟ್ಟನ್ನು ಮಡಿಸುತ್ತ, ಬಿಚ್ಚುತ್ತ ಕೂತಿದ್ದಳು. ಸಮಾಧಾನಕ್ಕೆಂದು ನಾನೇ ಹೇಳಿದೆ, "ಮೊದಲನೇದು ಅಷ್ಟು ಓಡಿತಲ್ಲ ದೊಡ್ಡಮ್ಮ, ಅದಕ್ಕಿಂತ ದೊಡ್ಡದು ತೋರಿಸ್ಬೇಕು ಅಂತ ಎಲ್ಲಾನೂ ತುರುಕಿದಾರೆ."

"ದೊಡ್ಡದು ಮಾಡ್ಲಿ, ಬ್ಯಾಡ ಅಂದೋರ್ಯಾರು? ಮೊದಲ್ನೇದ್ರಲ್ಲಿ ಅವ್ನಿಗೆ ಕೆರೆ ಬೇಕಿತ್ತು. ಇದ್ರಲ್ಲಿ ಅವ್ನಿಗೇನು ಬೇಕು?"

ನಾನು ಹೆಲಿಕಾಪ್ಟರಿನಿಂದ ಶುರುಮಾಡಿ ಕತೆ ನೆನೆಸಿಕೊಂಡೆ; ಮೀಸೆಗಳ ಹತ್ತಿರ ಬರುವಷ್ಟರಲ್ಲಿ ದಾರಿ ತಪ್ಪಿತು.

ಮಾರನೆಯ ದಿನ ಹೆಂಗಸರು ಕೂತರು. ದೊಡ್ಡಮ್ಮ ನೋಡಿದ್ದನ್ನೇ ಪ್ರಾಮಾಣಿಕವಾಗಿ ಶುರುಮಾಡಿದಳು. "ಸತ್ತ ಸಾವ್ಕಾರ ಎದ್ದು ಬತ್ತಾನೆ."

"ಅದೆಂಗಕ್ಕಾ?" ಎಂದಳು ಪಕ್ಕದ ಮನೆಯ ಸೊಸೆ.

"ಹೊಗೆ ಬುಟ್ರು ಕಣೇ, ಸರಿಯಾಗಿ ಕಾಣ್ನಿಲ್ಲ."

ಎಲ್ಲರೂ ಗೊಳ್ಳೆಂದು ನಕ್ಕರು. ದೊಡ್ಡಮ್ಮನ ಮುಖ ಸಣ್ಣಗಾಯಿತು. ನೀರು ಕುಡಿಯುತ್ತೇನೆಂದು ಒಳಗೆ ಹೋದವಳು ತುಸು ಹೊತ್ತು ಬರಲೇ ಇಲ್ಲ. ಬಂದವಳೇ ಸೆರಗು ಸಿಕ್ಕಿಸಿಕೊಂಡು ಕೂತಳು.

"ತಮಾಷೆ ಮಾಡ್ದೆ, ಈಗ ಕೇಳ್ರಿ. ಕೆರೆ ತುಂಬೈತೆ, ಆದ್ರೆ ನೀರು ಬಿಡೋ ತೂಬಿನ ಬೀಗದ ಕೈ ಸಾವ್ಕಾರನ ಹೆಂಡ್ತಿ ತಾವ ಐತೆ. ಪೈರು ಒಣಗ್ತಾ ಐತೆ. ಇವ್ನು ಅವ್ಳ ಬಾಗ್ಲಿಗೆ ಹೋಗಿ ನಿಂತ್ಕಂತಾನೆ. ಗಂಡ ಸತ್ತಿದ್ದು ಇವ್ನಿಂದ್ಲೇ. ಯಾವ ಬಾಯಾಗೆ ಕೇಳ್ತಾನೆ?"

ಮಚ್ಚುಗಳೆಲ್ಲ ನಿಂತವು. ಸಿನಿಮಾ ನೋಡಿಬಂದಿದ್ದ ನಾನೂ ಬಾಯಿಬಿಟ್ಟುಕೊಂಡು ಮುಂದೇನಾಯಿತೆಂದು ಕಾಯುತ್ತಿದ್ದೆ. ಕೊನೆಗೆ ಸಾಹುಕಾರನ ಹೆಂಡತಿ, ಮೊದಲ ನೀರು ತನ್ನ ಗದ್ದೆಗೇ ಬಿಡಬೇಕೆಂದು ಮಾತು ತೆಗೆದುಕೊಂಡು ಬೀಗದ ಕೈ ಎಸೆದಳು. ಹೆಂಗಸರು ಅವಳ ಪರವಾಗಿ ಚಪ್ಪಾಳೆ ತಟ್ಟಿದರು.

ಆ ಕತೆಗೆ ಮರುಳಾಗಿ ಪಕ್ಕದ ಮನೆಯ ಸೊಸೆ ಗಂಡನನ್ನು ಎಳೆದುಕೊಂಡು ತಿಪಟೂರಿಗೆ ಹೋದಳು. ಬಂದವಳು ನೇರ ನಮ್ಮ ಅಂಗಳಕ್ಕೇ ನುಗ್ಗಿದಳು.

"ಎಂಥಾ ಮೋಸ ಅಕ್ಕಾ! ಸಾವ್ಕಾರನ ಹೆಂಡ್ತಿ ಬರಾದೆಲ್ಲ ಕಟ್ ಮಾಡ್ಬುಟ್ಟವ್ರೆ!"

ದೊಡ್ಡಮ್ಮ ತಲೆ ಎತ್ತದೆ ಚಿಪ್ಪು ಬಿಡಿಸುತ್ತಲೇ ಹೇಳಿದಳು, "ಮೊದಲ್ನೇ ದಿನ ಇತ್ತಮ್ಮ. ಅಲ್ವೇನೋ ಮಗ?"

"ಇತ್ತು," ಎಂದೆ ನಾನು.