ಬ್ಯಾಟರಿ ಇದ್ದ ಖಾಲಿ ಜಾಗ

ಕಬ್ಬಿನ ಟ್ರ್ಯಾಕ್ಟರ್ ನನ್ನ ಕಾರನ್ನು ಭೋಜದಿಂದ ನಿಪ್ಪಾಣಿಯವರೆಗೆ ಹಗ್ಗ ಕಟ್ಟಿ ಎಳೆದುಕೊಂಡು ಬಂದದ್ದು ಹಸ್ತ ಮಳೆಯ ಒಂದು ಗುರುವಾರ ಸಂಜೆ. ಎಂಜಿನ್ ಸತ್ತ ಕಾರಿನ ಬ್ರೇಕ್ ಕಲ್ಲಿನ ಹಾಗೆ ಆಗಿರುತ್ತದೆ. ಎರಡೂ ಕಾಲಿನಿಂದ ತುಳಿಯುತ್ತ, ಮುಂದಿನ ಟ್ರಾಲಿಗೆ ಎಲ್ಲಿ ಗುದ್ದುತ್ತೇನೋ ಎಂದು ಹಲ್ಲು ಕಚ್ಚಿಕೊಂಡು ಕೂತಿದ್ದೆ. ಪೇಟೆಯಲ್ಲಿ ಚಹಾದಂಗಡಿ ಮುಂದೆ ನಿಂತಿದ್ದವನೊಬ್ಬ ಕಿಟಕಿಗೆ ಬಗ್ಗಿ ಕೂಗಿದ: "ಅಕ್ಕಾರ, ಭಾಳ ಜೋರ್ ಓಡೂ ಗಾಡಿ ಅಂತಿದ್ರಿ, ಟ್ರ್ಯಾಕ್ಟರ್ ಹಿಂದ ಬೀಳಾಕತ್ತೈತೆಲ್ರಿ!"

ಮನೆಯ ಮೆಟ್ಟಿಲ ಮೇಲೆ ಅಪ್ಪಾಜಿ ನಿಂತಿದ್ದರು. ಹಗ್ಗ ಬಿಚ್ಚಿದ ಮೇಲೆ ಕೆಳಗಿಳಿದು ಬಂದರು.

"ಮುಗೀತಲ್ಲಾ ಬಾಳಾ? ನಾ ಹೋದ ಸಲನ ಹೇಳಿದ್ದೆ. ಇನ್ನೊಮ್ಮೆ ಹಗ್ಗ ಕಟಗೊಂಡು ಬಂತಂದ್ರ ಈ ಗಾಡಿ ನಮ್ಮ ಮನ್ಯಾಗ ಇರೂದಿಲ್ಲ. ಸೋಮವಾರ ಹಳೇ ಗಾಡಿ ಮಾರೂ ಏಕಸಂಬಿ ಏಜೆಂಟ ಬರತಾನ, ಕೀ ಕೊಟ್ಟ ಬಿಡು."

ಗಾಡಿ ಕೊಂಡದ್ದು ನನ್ನ ಸಂಬಳದಲ್ಲಿ. ಚಿಕ್ಕೋಡಿ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಮೀಟರು, ಗೇಜುಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ಆದರೆ ಕಾಗದಪತ್ರ ಅಪ್ಪಾಜಿ ಹೆಸರಿನಲ್ಲಿತ್ತು. "ಮದುವಿ ಆದ ಮ್ಯಾಲೆ ಹೆಸರು ಬದಲಿ ಮಾಡೂದು ತ್ರಾಸು" ಎಂದು ಅವರೇ ಹಾಗೆ ಮಾಡಿಸಿದ್ದರು. ಇಲ್ಲದ ಮದುವೆಯ ನೆಪಕ್ಕೆ ಇದ್ದ ಗಾಡಿ ಹೋಗುವುದರಲ್ಲಿತ್ತು.

ಎರಡು ವರ್ಷ ಕೂತು ಕಟ್ಟಿದ ಗಾಡಿ ಅದು. ಹಳೆಯ ಸಣ್ಣ ಕಾರು, ಅದಕ್ಕೆ ದೊಡ್ಡ ಟರ್ಬೊ, ಅಗಲವಾದ ಸೈಲೆನ್ಸರ್, ಎಂಜಿನ್ನಿನ ಕಂಪ್ಯೂಟರಿಗೆ ಕೊಲ್ಹಾಪುರದಲ್ಲಿ ಬರೆಸಿದ ಹೊಸ ಪ್ರೋಗ್ರಾಮ್. ಮುಂದಿನ ಭಾರ ಇಳಿಸಲೆಂದು ಬಾನೆಟ್ಟಿನೊಳಗಿನ ಬ್ಯಾಟರಿಯನ್ನು ಕಿತ್ತು ಹಿಂದೆ ಡಿಕ್ಕಿಯಲ್ಲಿ ಕೂರಿಸಿದ್ದೆ. ಎಲ್ಲವನ್ನೂ ಯಾವ ದಿನ ಮಾಡಿದೆ, ಯಾವ ಬೋಲ್ಟ್ ಎಷ್ಟು ಬಿಗಿದೆ ಎಂದು ದಿನಚರಿಯಲ್ಲಿ ಬರೆದಿಡುವ ಚಟ ನನಗೆ. ಆ ಮಳೆಗಾಲದಲ್ಲಿ ಅದರ ತುಂಬ ಒಂದೇ ಬಗೆಯ ಸಾಲು. ಆರಿದ್ರಾ ಮಳೆ, ರಾಯಬಾಗ ರಸ್ತೆ, ನಿಂತಿತು. ಪುಷ್ಯ ಮಳೆ, ಹಾರೂಗೇರಿ ಬಸ್ ನಿಲ್ದಾಣದ ಎದುರು, ನಿಂತಿತು. ಡ್ಯಾಶ್‌ಬೋರ್ಡಿನ ಮುಳ್ಳುಗಳೆಲ್ಲ ಕುಣಿಯುತ್ತವೆ, ಎಂಜಿನ್ ಆರುತ್ತದೆ, ಕೀ ತಿರುವಿದರೆ 'ಟಕ್' ಎನ್ನುತ್ತದೆ, ಅಷ್ಟೆ. ಮರುದಿನ ಬಿಸಿಲು ಬಿದ್ದ ಮೇಲೆ ಏನೂ ಆಗದವರ ಹಾಗೆ ಸ್ಟಾರ್ಟ್ ಆಗುತ್ತದೆ.

ನಮ್ಮ ಮಿಸ್ತ್ರಿ ಮಾಮಾನ ಗ್ಯಾರೇಜಿಗೆ ಅದು ಮುಟ್ಟುತ್ತಿದ್ದದ್ದು ಯಾವಾಗಲೂ ಆ ಬಿಸಿಲಿನಲ್ಲಿ. ಅವನು ಒಂದು ಸಲ ಬ್ಯಾಟರಿ ಬದಲಿಸಿದ. ಇನ್ನೊಂದು ಸಲ ಡೈನಮೊ. ಆಮೇಲೆ ಪೆಟ್ರೋಲ್ ಪಂಪು, ಅದರ ರಿಲೇ, ಒಂದು ಸೆನ್ಸರ್. ಅಳೆಯುವುದೆಂದರೆ ಅವನಿಗೆ ಅವಮಾನ. ಕೈಗೆ ಸಿಕ್ಕಿದ್ದನ್ನು ಬಿಚ್ಚಿ ಹೊಸದು ಹಾಕುವುದಕ್ಕೆ ಅವನು 'ಚೆಕ್ ಮಾಡೂದು' ಎನ್ನುತ್ತಿದ್ದ.

ಶುಕ್ರವಾರ ಬೆಳಿಗ್ಗೆಯೂ ಹಾಗೇ ಆಯಿತು. ಕೀ ತಿರುವಿದ ಕೂಡಲೇ ಎಂಜಿನ್ ಗರ್ಜಿಸಿತು. ಗ್ಯಾರೇಜಿಗೆ ಅಪ್ಪಾಜಿಯೂ ಜೊತೆಗೆ ಬಂದಿದ್ದರು.

"ಮಾಮಾ, ಅರ್ಥ್ ನೋಡಿದಿ?" ಎಂದೆ. ಕರೆಂಟು ಎಂಜಿನ್ನಿನಿಂದ ಗಾಡಿಯ ಬಾಡಿಗೆ, ಬಾಡಿಯಿಂದ ಬ್ಯಾಟರಿಗೆ ಮರಳುವ ದಾರಿಗೆ ಗ್ಯಾರೇಜಿನವರು ಅರ್ಥ್ ಎನ್ನುತ್ತಾರೆ.

"ಅರ್ಥ್ ಬರೋಬ್ಬರಿ ಐತಿ ತಂಗಿ. ಬಲ್ಬ್ ಹಚ್ಚಿ ನೋಡೇನಿ, ಝಗ್ ಅಂತ ಹತ್ತಿತು."

ಅಪ್ಪಾಜಿ ನಕ್ಕರು. "ಮಿಸ್ತ್ರಿ, ಈ ಗಾಡಿಗೆ ಅರ್ಥ ಐತಿ ಅಂತ ನೀ ಒಬ್ಬನ ಹೇಳಾಂವ ನೋಡು. ನನಗಂತೂ ಏನೂ ಅರ್ಥ ಕಾಣವಲ್ದು."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಿಸ್ತ್ರಿ ಮಾಮಾ ನಗುತ್ತಲೇ, "ವೈರಿಂಗೆಲ್ಲಾ ಕೊಲ್ಹಾಪುರದವ್ರು ಕೆಡಿಸ್ಯಾರ, ಪೂರಾ ಕಿತ್ತು ಹೊಸಾದು ಎಳೀಬೇಕು" ಎಂದ. ಕೊಲ್ಹಾಪುರದವರು ವೈರನ್ನು ಮುಟ್ಟಿಯೇ ಇರಲಿಲ್ಲ. ಅದನ್ನು ಹೇಳಿದರೆ ಕೇಳುವವರು ಯಾರು? ಕೀ ಕಸಿದುಕೊಂಡು ಹೊರಟು ಬಂದೆ.

ಒಣಗಿದ ಗಾಡಿಯಲ್ಲಿ ರೋಗ ಹುಡುಕಿದರೆ ಸಿಗುವುದಿಲ್ಲ. ಆದ್ದರಿಂದ ಶನಿವಾರ ಸಂಜೆ ಗಾಡಿಯನ್ನು ಶೆಡ್ಡಿಗೆ ಹಾಕದೆ ಅಂಗಳದಲ್ಲೇ ಮಳೆಗೆ ಬಿಟ್ಟೆ. ಅಪ್ಪಾಜಿ ಕಿಟಕಿಯಿಂದ ನೋಡಿ, "ಹೆಂಗೂ ಮಾರೂದೈತಿ ಅಂತ ಹೊರಗ ಒಗದಿ ಏನು?" ಎಂದರು.

ಭಾನುವಾರ ಬೆಳಿಗ್ಗೆ ಕೀ ತಿರುವಿದೆ. 'ಟಕ್.' ಆ ಶಬ್ದ ಕೇಳಿ ನನಗೆ ಅವತ್ತು ಸಂತೋಷವಾಯಿತು. ಅವ್ವನನ್ನು ಕರೆದು ಡ್ರೈವರ್ ಸೀಟಿನಲ್ಲಿ ಕೂರಿಸಿದೆ.

"ನಾ 'ಹೂಂ' ಅಂದಾಗ ಕೀ ತಿರುವಬೇಕ. 'ಸಾಕು' ಅಂದ್ರ ಬಿಡಬೇಕ."

"ಗಾಡಿ ಓಡಿಬಿಟ್ರ? ನನಗ ನಿಲ್ಸಾಕ ಬರೂದಿಲ್ಲ ನೋಡವ್ವಾ."

"ಓಡಿದ್ರ ಪೇಢೆ ಹಂಚೋಣ. ತಿರುವು."

ಮೀಟರಿನ ಒಂದು ತುದಿಗೆ ಉದ್ದನೆಯ ವೈರ್ ಕಟ್ಟಿ ಡಿಕ್ಕಿಯ ಬ್ಯಾಟರಿಯ ಮೈನಸ್ಸಿಗೆ ಸಿಕ್ಕಿಸಿದ್ದೆ. ಇನ್ನೊಂದು ತುದಿಯನ್ನು ಎಂಜಿನ್ನಿಗೆ ಒತ್ತಿದೆ. ದಾರಿ ಸರಿಯಿದ್ದರೆ ಕೀ ತಿರುವಿದಾಗ ಮೀಟರು ಅರ್ಧ ವೋಲ್ಟನ್ನೂ ತೋರಿಸಬಾರದು. ನಾಲ್ಕು ವೋಲ್ಟಿಗಿಂತ ಮೇಲೆ ತೋರಿಸಿತು. ಮಾಮಾನ ಬಲ್ಬು ಹತ್ತುತ್ತದೆ ನಿಜ. ಬಲ್ಬಿಗೆ ಬೇಕಾಗುವ ಚೂರು ಕರೆಂಟು ನಾಲ್ಕು ಎಳೆ ತಂತಿ ಉಳಿದಿದ್ದರೂ ದಾಟುತ್ತದೆ. ಸ್ಟಾರ್ಟರ್ ಎಳೆಯುವ ಕರೆಂಟಿಗೆ ಅಷ್ಟು ಸಾಲದು. ಇದನ್ನು ಅಳೆಯಲು ಎರಡು ನಿಮಿಷ ಸಾಕಿತ್ತು. ಇಡೀ ಮಳೆಗಾಲ ಯಾರೂ ಆ ಎರಡು ನಿಮಿಷ ಕೊಟ್ಟಿರಲಿಲ್ಲ.

ತುದಿಯನ್ನು ಎಂಜಿನ್ನಿನಿಂದ ತೆಗೆದು ಬಾಡಿಗೆ ಒತ್ತಿದೆ. "ಹೂಂ, ಅವ್ವಾ." ಮೀಟರು ಹೆಚ್ಚುಕಡಿಮೆ ಸೊನ್ನೆ. ಅಂದರೆ ಡಿಕ್ಕಿಯಿಂದ ಮುಂದಿನವರೆಗೆ ಬಾಡಿ ಚೆನ್ನಾಗಿದೆ. ಕೆಟ್ಟಿರುವುದು ಬಾಡಿಗೂ ಎಂಜಿನ್ನಿಗೂ ನಡುವಿನ, ತಂತಿ ಎಳೆ ಹೆಣೆದ ಗೇಣುದ್ದದ ಪಟ್ಟಿ. ಆ ಪಟ್ಟಿಯ ಬೋಲ್ಟು ಇರುವುದು ಮೊದಲು ಬ್ಯಾಟರಿ ಇದ್ದ ತಟ್ಟೆಯ ಕೆಳಗೆ. ಕೈ ತೂರಿಸಿದೆ. ಒದ್ದೆ ಬಟ್ಟೆ ತಾಗಿತು, ಒಳಗೆ ಏನೋ ಮೆತ್ತಗೆ. ಎಳೆದೆ.

ಹಳೆಯ ಧೋತರದ ತುಂಡಿನಲ್ಲಿ ಕಟ್ಟಿದ ತಂಬಾಕಿನ ಗಂಟು. ಮಳೆ ನೀರು ಕುಡಿದು ಮುಷ್ಟಿ ಗಾತ್ರ ಉಬ್ಬಿತ್ತು. ಸುತ್ತಿದ್ದ ಸುತಳಿಗೆ ಹಾಕಿದ ಜಾರುಗಂಟು ತಂಬಾಕು ಕೂಡಿಡುವ ನಮ್ಮ ವಖಾರಿಯಲ್ಲಿ ಮಾಲಿನ ಸ್ಯಾಂಪಲ್ಲಿಗೆ ಹಾಕುವಂಥದು. ಆ ಗಂಟನ್ನು ಹಾಗೆ ಎಡಗಡೆಗೆ ಎಳೆಯುವವರು ಒಬ್ಬರೇ.

ಇಲಿ ವೈರ್ ಕಡಿಯಬಾರದೆಂದು ನಿಪ್ಪಾಣಿಯಲ್ಲಿ ಗಾಡಿ ಗಾಡಿಗೂ ತಂಬಾಕು ಇಡುತ್ತಾರೆ. ಗಾಡಿ ತಂದ ವಾರದಲ್ಲೇ ಅಪ್ಪಾಜಿ ಒಂದು ಗಂಟು ಇಟ್ಟಿದ್ದರು. ಏಸಿ ಹಾಕಿದರೆ ಒಳಗೆಲ್ಲ ಘಾಟು. ಕಿತ್ತೆಸೆದು, ಇನ್ನು ಇಡಬೇಡಿ ಎಂದು ಮುಖದ ಮೇಲೆ ಹೇಳಿದ್ದೆ. ಅವರು "ಆತು" ಎಂದಿದ್ದರು.

ಆ ಗಂಟು ಕುಳಿತಿದ್ದ ಕಡೆ ಬೋಲ್ಟಿನ ಮೇಲೆ ಹಸಿರು, ಬಿಳಿ ಕಿಲುಬು ಕಟ್ಟಿತ್ತು. ಪಟ್ಟಿಯ ಎಳೆಗಳು ಕೈಯಲ್ಲಿ ಪುಡಿಯಾಗಿ ಉದುರಿದವು. ಮಳೆಗೆ ಗಂಟು ಉಬ್ಬಿದಾಗ ಉಳಿದ ಎಳೆಗಳು ಸಡಿಲವಾಗುತ್ತಿದ್ದವು, ಒಣಗಿದರೆ ಮತ್ತೆ ತಾಗುತ್ತಿದ್ದವು.

ಮೊದಲು ಮಿಸ್ತ್ರಿ ಮಾಮಾನಿಗೆ ಫೋನ್ ಮಾಡಿದೆ. "ಬ್ಯಾಟರಿ ತಟ್ಟಿ ಬುಡಕ ತಂಬಾಕ ಇತ್ತು, ನೋಡಿದ್ದಿ?"

"ನೋಡೇನೆಲ್ಲ. ಪ್ರತಿ ಸಲ ತಗದ ಮತ್ತ ಜಾಗಾಕ್ಕ ಇಡತಿದ್ನಿ. ಸಾಹುಕಾರ್ರು ಇಟ್ಟದ್ದು, ಒಗದ್ರ ಬೈತಾರು ಅಂತ."

ಪ್ರತಿ ಸಲ ತೆಗೆದಿದ್ದಾನೆ. ಪ್ರತಿ ಸಲ ಅದೇ ಬೋಲ್ಟಿನ ಮೇಲೆ ಮತ್ತೆ ಮೆತ್ತಿದ್ದಾನೆ. ಸೆನ್ಸರ್ ಬದಲಿಸಿದ ಆ ಕೈ ಬೋಲ್ಟನ್ನು ಒರೆಸಲಿಲ್ಲ. ಫೋನಿನಲ್ಲಿ ನಾನು ಆಡಿದ ಮಾತನ್ನು ಅವತ್ತು ದಿನಚರಿಯಲ್ಲೂ ಬರೆಯಲಿಲ್ಲ.

ನೀರು ತೊಟ್ಟಿಕ್ಕುತ್ತಿದ್ದ ಗಂಟನ್ನು ತಂದು ಅಪ್ಪಾಜಿಯ ಚಹಾದ ಬಶಿ ಪಕ್ಕ ಇಟ್ಟೆ.

"ಇದು ಯಾರದ್ರಿ?"

ಅವರು ಕನ್ನಡಕ ಏರಿಸಿ ನೋಡಿದರು. "ಎಲ್ಲಿ ಸಿಕ್ತು?"

"ನೀವು ಇಟ್ಟಲ್ಲೆ. ಇಡಬ್ಯಾಡ್ರಿ ಅಂತ ಹೇಳಿದ್ನೋ ಇಲ್ಲೊ?"

"ವಾಸನಿ ಬರತೈತಿ ಅಂದಿದ್ದಿ. ಅದಕ್ಕ ವಾಸನಿ ಬರಲಾರದಂಥಾ ಕಡೆ ಇಟ್ನಿ. ಬ್ಯಾಟರಿ ಹಿಂದ ಒಯ್ದಿ, ಆ ಜಾಗಾ ಖಾಲಿ ಬಿತ್ತು. ಖಾಲಿ ಜಾಗಾ ಕಂಡ್ರ ಇಲಿ ಸುಮ್ನ ಬಿಡತೈತೇನು?"

"ಅದರ ಸಲುವಾಗೇ ಗಾಡಿ ನಿಂದ್ರತಿತ್ರಿ! ಹಗ್ಗ ಕಟಗೊಂಡು ಬಂದದ್ದು ನಿಮ್ಮ ತಂಬಾಕಿನಿಂದ!"

"ಅದಿರ್ಲಿ. ಇಲಿ ಒಂದರೆ ವೈರ್ ಕಡದತೇನು? ಖರೇ ಹೇಳು."

ಕಡಿದಿರಲಿಲ್ಲ. ಒಂದು ಹಲ್ಲಿನ ಗುರುತೂ ಇರಲಿಲ್ಲ. ಅವರ ಬಾಯಿಂದ ಆ ಮಾತು ಬಂದದ್ದಕ್ಕಿಂತ, ಅದಕ್ಕೆ ನಾನು 'ಇಲ್ಲ' ಎನ್ನಬೇಕಾಗಿ ಬಂದದ್ದು ನನ್ನನ್ನು ಹೆಚ್ಚು ಸುಟ್ಟಿತು.

ಹೊಸ ದಪ್ಪ ಪಟ್ಟಿ ತಂದೆ. ಲೋಹ ಹೊಳೆಯುವವರೆಗೆ ಉಜ್ಜಿ, ಬೇರೆ ಜಾಗದಲ್ಲಿ ಬಿಗಿದೆ. ಮೇಲಿಂದ ಎರಡು ಬಕೆಟ್ ನೀರು ಸುರಿದು ಅವ್ವನಿಗೆ 'ಹೂಂ' ಎಂದೆ. ಎಂಜಿನ್ ಗರ್ಜಿಸಿದ ಸದ್ದಿಗೆ ಅವ್ವ ಕೀ ಬಿಟ್ಟು ಕಿವಿ ಮುಚ್ಚಿಕೊಂಡಳು.

ಸೋಮವಾರ ಏಕಸಂಬಿಯ ಏಜೆಂಟ ಬಂದ. ಬಾನೆಟ್ ತೆಗೆಸಿ, ಸ್ಟಾರ್ಟ್ ಮಾಡಿಸಿ ನೋಡಿದ. "ಕೆಟ್ಟೈತಿ ಅಂದಿದ್ರಿ ಸಾಹುಕಾರ್ರ?"

"ಏನೂ ಕೆಟ್ಟಿರಲಿಲ್ಲೋ. ಒಂಚೂರು ಕಸಾ ಕುಂತಿತ್ತು. ನಮ್ಮ ಹುಡುಗಿ ತಗದಾಳು."

ಕಸ! ಐದು ಸಾಮಾನು ಬದಲಿಸಿ, ಪೇಟೆಯ ನಡುವೆ ನನ್ನನ್ನು ಹಗ್ಗದ ತುದಿಯಲ್ಲಿ ಮೆರೆಸಿದ್ದು ಒಂಚೂರು ಕಸವಂತೆ.

"ಚಲೋ ಆತ ಬಿಡ್ರಿ, ಓಡೂ ಗಾಡಿಗೆ ಗಿರಾಕಿನೂ ಲಗೂನ ಸಿಗತಾರು" ಎಂದು ಏಜೆಂಟ ನನ್ನ ಕಡೆ ಕೈ ಚಾಚಿದ. ಕೀ ನನ್ನ ಮುಷ್ಟಿಯಲ್ಲಿತ್ತು.

"ಕೊಡ್ತೀನ್ರಿ ಕಾಕಾ. ಆ ಕಸಾ ಯಾರು ಹಾಕಿದ್ರು ಅನ್ನೂದು ಅಪ್ಪಾಜಿ ಒಮ್ಮೆ ನಿಮ್ಮ ಮುಂದ ಹೇಳಲಿ. ಹೇಳಿದ ಕೂಡ್ಲೆ ಕೀ ನಿಮ್ಮ ಕೈಯಾಗ."

ಅಪ್ಪಾಜಿ ಏಜೆಂಟನನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಹೇಳಿದ್ದರೆ ನಾನು ಕೀ ಕೊಡಬೇಕಾಗುತ್ತಿತ್ತು. ಆದರೆ ಹೇಳಬೇಕೆಂದರೆ ನಲವತ್ತು ವರ್ಷ ತಂಬಾಕು ಮಾರಿದವರು ತಮ್ಮ ತಂಬಾಕನ್ನು ದೂರಬೇಕಿತ್ತು.

"ಚಾ ಕುಡಿಯೋ, ಆರತೈತಿ" ಎಂದರು ಏಜೆಂಟನಿಗೆ.

ಅವನು ತಿಳಿದವನು. ಚಾ ಕುಡಿದ, ಮಳೆಯ ಮಾತಾಡಿದ, ಎದ್ದು ಹೋದ. ಗಾಡಿ ಉಳಿಯಿತು. ಕ್ಷಮೆಯ ಒಂದು ಅಕ್ಷರವೂ ಆ ಮನೆಯಲ್ಲಿ ಹುಟ್ಟಲಿಲ್ಲ.

ಮುಂದಿನ ಭಾನುವಾರ ಬಾನೆಟ್ ಎತ್ತಿದೆ. ಹೊಸ ಗಂಟು. ಈ ಸಲ ನೀರು ತಾಗದ ಹಾಗೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಬೋಲ್ಟಿನಿಂದ ದೂರ, ನೀಟಾಗಿ ಇಟ್ಟಿದ್ದರು. ನೇರವಾಗಿ, ಬಾನೆಟ್ಟಿನೊಳಗೆ ಎಲ್ಲಕ್ಕಿಂತ ಹೆಚ್ಚು ಕಾಯುವ ಟರ್ಬೊ ಮೇಲೆ. ಹತ್ತು ನಿಮಿಷ ಓಡಿಸಿದ್ದರೆ ಚೀಲ ಕರಗಿ, ಗಾಡಿ ಹೊತ್ತಿ ಉರಿಯುತ್ತಿತ್ತು.

"ಅಪ್ಪಾಜಿ!" ಬೀದಿಯವರೆಲ್ಲ ತಿರುಗಿ ನೋಡುವ ಹಾಗೆ ಕೂಗಿದೆ.

"ಏನಾತ ಬಾಳಾ? ಇಲಿ ಬಂತೇನು?"

"ಚಪ್ಪಲಿ ಹಾಕ್ಕೊಂಡು ಹೊರಗ ಬರ್ರಿ. ಈಗಿಂದೀಗ. ಎಲ್ಲಿ ಇಡಬೇಕು, ಎಲ್ಲಿ ಇಡಬಾರದು, ಕೈ ಹಿಡದು ತೋರಸ್ತೀನಿ."

ಒಳಗೆ ಚಪ್ಪಲಿ ಹುಡುಕುವ ಸದ್ದು ಕೇಳಿಸಿತು.